ಜಾಗವಿಲ್ಲದಿದ್ದರೂ ಹಸಿರು ಗುರುತು

ರಾಣೆಬೆನ್ನೂರಿನ ಮನೆಯಲ್ಲಿ ಕೂತು ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಬುಕಿಂಗ್ ಆ್ಯಪ್ ನೋಡಿಕೊಳ್ಳುತ್ತೇನೆ. ರೈತರು ಮೊಬೈಲಿನಲ್ಲಿ ಮೆಣಸಿನಕಾಯಿ ಚೀಲಗಳಿಗೆ ಜಾಗ ಕೇಳುತ್ತಾರೆ, ನಮ್ಮ ಸರ್ವರ್ ಉತ್ತರ ಕಳಿಸುತ್ತದೆ. ಉತ್ತರದ ಜೊತೆ ಒಂದು ಸಂಖ್ಯೆಯೂ ಹೋಗುತ್ತದೆ. 200 ಎಂದರೆ ಎಲ್ಲ ಸುಸೂತ್ರ, 409 ಎಂದರೆ ಕೇಳಿದ್ದು ಈಗ ಆಗದು. ಆ್ಯಪ್ ನೋಡುವುದು ಆ ಸಂಖ್ಯೆಯನ್ನು ಮಾತ್ರ: 200 ಬಂದರೆ ಹಸಿರು ಗುರುತು ತೋರಿಸುತ್ತದೆ, 409 ಬಂದರೆ ಕೆಂಪು.

ನಮ್ಮ ಸರ್ವರ್ ಎಲ್ಲದಕ್ಕೂ 200 ಅನ್ನುತ್ತಿತ್ತು. ಅದು ಮಾಲೀಕರ ಅಪ್ಪಣೆ.

"ಬಂದ ಗಿರಾಕಿಗೆ ಇಲ್ಲ ಅನ್ನೂ ಪದ್ಧತಿ ನಮ್ಮಪ್ಪನ ಕಾಲದಿಂದ ನಮ್ಮಲ್ಲಿಲ್ರಿ. ನೋಡೂಣು ಬರ್ರಿ ಅನ್ನಬೇಕು."

"ಕಂಪ್ಯೂಟರಿಗೆ ನೋಡೂಣು ಅನ್ನಾಕ ಬರಂಗಿಲ್ರಿ."

"ಹಂಗಾರ ಹೂಂ ಅನ್ಲಿ."

ಬಸ್ಸಿನಲ್ಲಿ ಕೂತ ಮೇಲೂ ಇದು ಬ್ಯಾಡಗಿಗೇ ಹೋಗುತ್ತದೆಯೇ ಎಂದು ಪಕ್ಕದವರನ್ನು ಕೇಳುವ ಮನುಷ್ಯ ನಾನು. ಈ 'ಹೂಂ' ನನ್ನ ನಿದ್ದೆಗೆಡಿಸಿತ್ತು. ಆದರೆ ನನ್ನ ಚಿಂತೆಗಳಿಗೆ ಮನೆಯಲ್ಲೂ ಬೆಲೆಯಿಲ್ಲ.

ಈ ಬೇಸಿಗೆಯಲ್ಲಿ ಮಾಲೀಕರ ಫೋನು ಬಂತು. ಹೋಗಿ ನೋಡಿದರೆ ಗೇಟಿನ ಹೊರಗೆ ಕುಪ್ಪೇಲೂರಿನ ಹೆಣ್ಣುಮಗಳೊಬ್ಬಳು ಟ್ರ್ಯಾಕ್ಟರ್ ತುಂಬ ಚೀಲ ಹೇರಿಕೊಂಡು ನಿಂತಿದ್ದಳು. ಒಳಗೆ ಬಾಗಿಲವರೆಗೂ ಮಾಲು ತುಂಬಿತ್ತು. ಮೆಣಸಿನಕಾಯಿಗೆ ಬಣ್ಣವೇ ದರ. ಬಿಸಿಲು ಅದನ್ನು ಕುಡಿಯುತ್ತಿತ್ತು.

"ಅಣ್ಣಾರ, ಹಸಿರು ಬಿದ್ದೈತಿ ನೋಡ್ರಿ," ಎಂದು ಮೊಬೈಲು ಚಾಚಿದಳು. "ಹಸಿರು ಅಂದ್ರ ಬಾ ಅಂತ ಹೌದಲ್ರಿ?"

ಮಾಲೀಕರನ್ನು ಕೇಳದೆಯೇ ಆಫೀಸಿನಲ್ಲಿ ಕೂತು, ಜಾಗವಿಲ್ಲದಾಗ 409 ಹೋಗುವಂತೆ ಮಾಡಿದೆ. ಹೊರಗೆ ಬಂದು ಅವಳ ಮೊಬೈಲಿನಲ್ಲೇ ಮತ್ತೆ ಜಾಗ ಕೇಳಿದೆ. ಈ ಸಲ ಕೆಂಪು ಬಿತ್ತು: ಜಾಗ ಇಲ್ಲ. ಇಷ್ಟು ವರ್ಷದಲ್ಲಿ ನಮ್ಮ ಸರ್ವರ್ ಆಡಿದ ಮೊದಲ ಖರೇ ಮಾತು.

"ಅವ್ವಾ, ಹಾವೇರಿ ಕಡೆ ಎಲ್ಲ್ಯಾರ ಸಿಗತೈತೇನ ನೋಡು. ಲಗೂ ಹೋಗು."

ಅವಳು ಕೆಂಪನ್ನು ದಿಟ್ಟಿಸಿ ನೋಡಿದಳು. "ಮೊಬೈಲ್ ಏನ ಬೇಕಾದ್ದ ಅಂತೈತ್ರಿ. ಮುಂಜಾನೆ ಬಾ ಅಂತು, ಈಗ ಇಲ್ಲ ಅಂತು. ಸಾವಕಾರ್ರು ಇನ್ನೂ ಇಲ್ಲ ಅಂದಿಲ್ಲಲ್ರಿ?"

ಅಷ್ಟರಲ್ಲಿ ಮಾಲೀಕರು ಬಾಗಿಲಿಗೆ ಬಂದರು. ನಾನು ಅವರ ಬಾಯನ್ನೇ ನೋಡುತ್ತ ನಿಂತೆ.

"ಕುಂದ್ರವ್ವಾ," ಎಂದರು ಮಾಲೀಕರು, ಬಹಳ ಮರ್ಯಾದೆಯಿಂದ. "ನೋಡೂಣು."

ಅವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಚೀಲಗಳ ಮೇಲೆ ಹೊದಿಸಿದ್ದ ತಾಡಪತ್ರಿ ಸರಿಮಾಡಿ ಟ್ರ್ಯಾಕ್ಟರಿನ ನೆರಳಿಗೆ ಕೂತಳು.

ಸಂಜೆ ನಾನು ಬಸ್ಸಿಗೆ ಹೊರಟಾಗಲೂ ಅಲ್ಲೇ ಕೂತಿದ್ದಳು. ನೆರಳು ಆಚೆ ಸರಿದಿತ್ತು.