ಸಂಡಿಗೆಯ ಮೇಲೆ ಆಲಿಕಲ್ಲು

ಎರಡು ವರ್ಷದ ಹಿಂದಿನ ಮಾತು. ಹೋಳಿ ಮುಗಿದು ಬಂದ ಸಂಕಷ್ಟಿಯ ದಿನ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಫ್ಯಾನಿನ ಕೆಳಗೂ ಬೆವರುವ ಸೆಕೆ ಆಗಲೇ ಶುರುವಾಗಿತ್ತು.

ನಮ್ಮ ಎದುರುಮನೆಯ ಶರಣಮ್ಮ ಕಲಬುರಗಿ ಕಡೆಯವರು. ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾರೆ. ಅವರಿಗೆ ಮೊದಲ ಬಾರಿಗೆ ಒಂದು ಮದುವೆಮನೆಯ ಆರ್ಡರ್ ಸಿಕ್ಕಿತ್ತು, ಘಣಸೋಲಿಯಿಂದ. ಇದೊಂದು ಸರಿಯಾಗಿ ತಲುಪಿದರೆ ಆ ಕಡೆ ಇನ್ನೂ ನಾಲ್ಕು ಮನೆ ಹಿಡಿಯಬಹುದು ಎಂಬ ಆಸೆ. ಬೆಳಿಗ್ಗೆ ಟೆರೇಸಿನಲ್ಲಿ ಹಳೆಯ ಪಂಚೆಗಳನ್ನು ಹಾಸಿ ಅಕ್ಕಿ ಸಂಡಿಗೆ ಇಟ್ಟು, ಟಿಟ್ವಾಳಾ ಗಣಪತಿ ಗುಡಿಗೆ ಹೊರಟರು.

“ಅಕ್ಕಾರ, ಸ್ವಲ್ಪ ನೋಡ್ಕೋರಿ. ನಿಮ್ಮಷ್ಟು ಅಂಜೋರು ಈ ಬಿಲ್ಡಿಂಗ್‌ನಾಗ ಯಾರೂ ಇಲ್ಲ. ಅದಕ್ಕ ನಿಮಗ ಹೇಳಾಕತ್ತೀನಿ.”

ನಾನು ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ಮನೆಗೆ ವಾಪಸು ಬಂದವಳು ನಾನು. ಕಾಗೆಗೆ ಒಂದು ಕೋಲು, ಮಳೆ ಬಂದರೆ ಇರಲಿ ಎಂದು ಒಂದು ಕೊಡೆ ಹಿಡಿದು ಟ್ಯಾಂಕಿನ ನೆರಳಲ್ಲಿ ಕೂತೆ.

“ಮಾರ್ಚಲ್ಲಿ ಕೊಡೆ ಯಾಕೆ ಮಾರಾಯ್ತಿ, ನೋಡಿದವರು ಏನು ಹೇಳಿಯಾರು?” ಎಂದು ಗಂಡ ನಕ್ಕರು.

ಮಧ್ಯಾಹ್ನ ಕಳೆಯುವಾಗ ಪಕ್ಕದೂರು ಕಲ್ಯಾಣದ ಕಡೆ ಆಕಾಶ ಕಪ್ಪಾಯಿತು. ಗಾಳಿ ಎದ್ದಿತು. ಹಿಂದೆಯೇ ಟ್ಯಾಂಕಿನ ಮೇಲೆ ಯಾರೋ ಜಲ್ಲಿ ಸುರಿದಂತೆ ಸದ್ದು. ಆಲಿಕಲ್ಲು! ಐವತ್ತು ದಾಟಿದ ನಾನು ಅದನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಕೊಡೆ ಬಿಚ್ಚಿ ಹತ್ತಿರದ ಪಂಚೆಗೆ ಹಿಡಿದೆ. ನಾಲ್ಕು ಪಂಚೆಗೆ ಒಂದು ಕೊಡೆ.

ಮೆಟ್ಟಿಲ ಬಳಿ ಓಡಿ ಕೂಗಿದೆ. ಯಾರೂ ಬರಲಿಲ್ಲ, ನನ್ನ ಕೂಗಿಗೆ ಬಿಲ್ಡಿಂಗ್ ಒಗ್ಗಿಹೋಗಿತ್ತು. ಮತ್ತೆ, “ಶರಣಮ್ಮನ ಸಂಡಿಗೆ!” ಎಂದೆ. ಬಾಗಿಲುಗಳು ತೆರೆದವು.

ಹಸಿ ಸಂಡಿಗೆಯ ಬಟ್ಟೆಯನ್ನು ಮಡಚುವಂತಿಲ್ಲ, ಮಡಚಿದರೆ ಎಲ್ಲ ಅಂಟಿ ಮುದ್ದೆಯಾಗುತ್ತದೆ. ಕೆಳಮನೆಯ ಸುಮನ್‌ತಾಯಿ, “ವಹಿನಿ, ತಿಕಡೂನ್ ಧರಾ,” ಎಂದು ಆ ಕಡೆಯ ಮೂಲೆ ತೋರಿಸಿದರು. ಒಂದೊಂದು ಮೂಲೆಗೆ ಒಬ್ಬೊಬ್ಬರು ನಿಂತು ಪಂಚೆಯನ್ನು ಬಿಗಿಯಾಗಿ ಎತ್ತಿ, ಇಕ್ಕಟ್ಟಿನ ಮೆಟ್ಟಿಲು ಇಳಿದೆವು. ಎಲ್ಲರೂ ಲೋಕಲ್ ಟ್ರೇನ್‌ನಲ್ಲಿ ಪಳಗಿದವರು. ತಿರುವಿನಲ್ಲಿ ಯಾರು ಸರಿಯಬೇಕು, ಯಾರು ನುಗ್ಗಬೇಕು ಎಂದು ಹೇಳಿಕೊಡಬೇಕಾಗಲಿಲ್ಲ. ಒಂದು ಪಂಚೆ ನಮ್ಮ ಮಂಚದ ಮೇಲೆ, ಎರಡು ಸುಮನ್‌ತಾಯಿಯ ಮನೆಯಲ್ಲಿ. ಫ್ಯಾನು ಜೋರಾಗಿ ತಿರುಗಿತು. ನಾಲ್ಕನೆಯದು ಅಷ್ಟರಲ್ಲಿ ಗಂಜಿಯಾಗಿತ್ತು.

“ನಾನೀಗ ಎಲ್ಲಿ ಕೂರುವುದು?” ಗಂಡ ಕೇಳಿದರು.

“ಟ್ರೇನಲ್ಲಿ ದಿನಾ ನಿಂತೇ ಹೋಗ್ತೀರಲ್ಲ,” ಎಂದೆ.

ಕೊಡೆ ತರುವ ನೆಪದಲ್ಲಿ ಮತ್ತೆ ಮೇಲೆ ಹೋದೆ. ಟೆರೇಸೆಲ್ಲ ಬೆಳ್ಳಗೆ, ತಣ್ಣಗೆ. ಚಪ್ಪಲಿಯಡಿ ಕರಕರ ಸದ್ದು. ಒಂದು ಆಲಿಕಲ್ಲನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡೆ. ಪಕ್ಕದಲ್ಲೇ ಶರಣಮ್ಮನ ಬೆಳಗಿನ ದುಡಿಮೆ ಕರಗಿ ಹರಿಯುತ್ತಿತ್ತು. ನಾಚಿಕೆಯಾಯಿತು. ಆದರೂ ಉಗುಳಲಿಲ್ಲ.

ಸಂಜೆ ಶರಣಮ್ಮ ಒದ್ದೆ ಸೀರೆಯಲ್ಲಿ ನೇರ ಟೆರೇಸಿಗೆ ಓಡಿ, ಬಿಳಿಚಿದ ಮುಖ ಹೊತ್ತು ನಮ್ಮ ಮನೆಗೆ ಇಳಿದು ಬಂದರು. ಮಂಚ ನೋಡಿದರು. ಒಂದು ಸಂಡಿಗೆಯನ್ನು ಬೆರಳಲ್ಲಿ ಒತ್ತಿ ನೋಡಿದರು.

“ಒಂದು ಪಂಚೆ ಹೋತು. ಹೋಗ್ಲಿ, ನಾಳೆ ಮತ್ತ ಮಾಡ್ತೀನಿ,” ಎಂದು ನೆಲದ ಮೇಲೆ ಕೂತರು. ಆಮೇಲೆ ನಕ್ಕರು. “ಧೈರ್ಯಸ್ಥರಿಗೆ ಹೇಳಿ ಹೋಗಿದ್ರ ಅವರು ಮಲಕೊಂಡಿರ್ತಿದ್ರು.”

ಸಂಡಿಗೆ ಘಣಸೋಲಿಗೆ ಹೊತ್ತಿಗೆ ಸರಿಯಾಗಿ ತಲುಪಿತು. ಈಗ ಅವರಿಗೆ ಅಲ್ಲಿ ಕೈತುಂಬ ಕೆಲಸ.

ನಾನು ಈಗಲೂ ಮಾರ್ಚಿನಲ್ಲಿ ಮೋಡ ಕಂಡರೆ ಟೆರೇಸಿಗೆ ಓಡುತ್ತೇನೆ. ಮನೆಯವರು ಭಯ ಎಂದುಕೊಂಡಿದ್ದಾರೆ. ಅಲ್ಲಿ ಏನೂ ಒಣ ಹಾಕಿರದ ದಿನವೂ ಓಡುವುದನ್ನು ಅವರಿನ್ನೂ ಗಮನಿಸಿಲ್ಲ.