ಎಡಗನ್ನಡಿ ಹಾಕಿಸಲು ಜೋಗೇಶ್ವರಿಗೆ

ಭಾನುವಾರ ಬೆಳಿಗ್ಗೆ ಆರೂವರೆಗೆ ವಡಾಲದ ಮನೆ ಬಿಟ್ಟೆ. ಜೋಗೇಶ್ವರಿಯ ಗ್ಯಾರೇಜಿಗೆ ಇಪ್ಪತ್ತು ಕಿಲೋಮೀಟರೂ ಆಗುವುದಿಲ್ಲ. ಇದೂ ಒಂದು ಪ್ರವಾಸವೇ ಎಂದು ನೀವು ನಗಬಹುದು. ನನ್ನದು ನಲವತ್ತೈದು ವರ್ಷ ಹಳೆಯ ಕಾರು. ಮುಂದೆ ಬೆಂಚಿನಂಥ ಒಂದೇ ಸೀಟು, ಸೀಟ್ ಬೆಲ್ಟ್ ಇಲ್ಲ, ಬ್ರೇಕು ಮನಸ್ಸು ಬಂದಾಗ ಹಿಡಿಯುತ್ತದೆ. ಅದರಲ್ಲಿ ಕುಳಿತು ಮುಂಬೈ ದಾಟಿ ನೋಡಿ, ಆಮೇಲೆ ನಗಿ.

ಕಾರಿಗೆ ಎಡಗಡೆ ಕನ್ನಡಿಯೂ ಇರಲಿಲ್ಲ. ಎಡಕ್ಕೆ ಹೊರಳುವಾಗ ನಾನು "ಖಾಲಿ ಐತೇನು?" ಎಂದು ಕೇಳುವುದು, ಪಕ್ಕದಲ್ಲಿ ಕುಳಿತ ಹೆಂಡತಿ ಇಂದೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿ "ಖಾಲಿ ಐತಿ, ತಗೋರಿ" ಎನ್ನುವುದು, ಇದು ನಮ್ಮ ಪದ್ಧತಿ. ವಿಜಯಪುರದವರೆಗೆ ಹೋಗಿ ಬಂದದ್ದೂ ಹೀಗೆಯೇ. ಅವಳು ತೀರಿಕೊಂಡು ವರ್ಷದ ಮೇಲಾಯಿತು. ಅಂದಿನಿಂದ ಕಾರು ಬಿಲ್ಡಿಂಗಿನ ಕೆಳಗೆ ಧೂಳು ತಿನ್ನುತ್ತಿತ್ತು. ಮಾರಲು ಮನಸ್ಸಿಲ್ಲ, ಒಬ್ಬನೇ ಓಡಿಸಲು ಧೈರ್ಯವಿಲ್ಲ. ಸರಿಮಾಡಿಸಿ ಒಬ್ಬನೇ ಮನೆಗೆ ತಂದರೆ ಇಟ್ಟುಕೊಳ್ಳುವುದು, ಆಗದಿದ್ದರೆ ಮಾರುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಎಡಕ್ಕೆ ಹೊರಳುವ ಪ್ರಸಂಗವೇ ಬರಬಾರದೆಂದು ಫುಟ್‌ಪಾತಿಗೆ ಅಂಟಿಕೊಂಡೇ ಹೋದೆ. ಆದ್ದರಿಂದ ಪ್ರತಿ ಸ್ಟಾಪಿನಲ್ಲೂ ಬಸ್ಸಿನ ಹಿಂದೆ ನಿಂತೆ. ಫ್ಲೈಓವರುಗಳೆಲ್ಲ ಬಲಗಡೆಯಿಂದ ಏರಿಹೋದವು, ನಾನು ಕೆಳಗೆ ಸಿಗ್ನಲ್ ಕಾಯುತ್ತ ಕುಳಿತೆ. ಒಬ್ಬ ರಿಕ್ಷಾದವನು ಗಾಡಿಯನ್ನು ಮ್ಯೂಸಿಯಮ್ಮಿನಿಂದ ಕದ್ದು ತಂದಿರಾ ಎಂದು ಹಿಂದಿಯಲ್ಲಿ ಛೇಡಿಸಿದ. ಇಂದೂ ಇದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದಳು. ನಾನು ಕಿಟಕಿಯ ಗಾಜು ಏರಿಸಿದೆ.

ಗ್ಯಾರೇಜಿನ ಈರಣ್ಣ ಬೆಳಗಾವಿ ಕಡೆಯವನು. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್, ಜೋರಾದ ಹೆಡ್‌ಲೈಟ್, ಬೆಲ್ಟು, ಎಡಗನ್ನಡಿ ಎಲ್ಲ ಮಾತಾಯಿತು.

"ಕಾಕಾ, ಈ ಮಿರರ್ ಇಲ್ದ ಮುಂಬೈದಾಗ ಇಷ್ಟ್ ವರ್ಷ ಹೆಂಗ್ ಓಡಿಸಿದ್ರಿ?" ಎಂದ.

"ನಮ್ಮಾಕಿ ನೋಡಿ ಹೇಳ್ತಿದ್ಲಪಾ."

ಅವನು ಬಗ್ಗಿ ಸೀಟಿನ ಅಳತೆ ನೋಡಿದ. ಆಮೇಲೆ, "ಬೆಲ್ಟ್ ನಿಮಗೊಬ್ರಿಗೇ ಸಾಕೇನ್ರಿ, ಬಾಜೂಕೂ ಹಾಕ್ಲಿ?"

"ಎರಡೂ ಹಾಕು," ಎಂದೆ.

ಕಾರು ಬಿಟ್ಟು ಹತ್ತು ರೂಪಾಯಿಯ ಟಿಕೀಟಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಟ್ರೇನ್ ಹಿಡಿದು ವಾಪಸಾದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು, ಮಾತಿಗೆ ಯಾರೂ ಸಿಗಲಿಲ್ಲ.

ಕೆಲಸ ಮುಗಿದ ಮೇಲೆ ಇನ್ನೊಂದು ಭಾನುವಾರ ಕಾರು ತರಲು ಹೋದೆ. ಪವಾಯಿ ಮೇಲಿಂದ ವಿಖ್ರೋಳಿಗೆ ಬಂದು ಮನೆ ಸೇರುವ ದಾರಿ ಹಿಡಿದೆ. ದೂರ ಹೆಚ್ಚು, ಆದರೆ ಕೆರೆ ಸಿಗುತ್ತದೆ. ಕೆರೆ ಹತ್ತಿರ ಗಾಡಿ ನಿಲ್ಲಿಸಿ ಚಹಾ ಕುಡಿಯದೆ ನಾವು ಎಂದೂ ಮುಂದೆ ಹೋದವರಲ್ಲ. ಬ್ರೇಕು ಈಗ ನಾನು ಹೇಳಿದ ಮಾತು ಕೇಳುತ್ತಿತ್ತು. ಧೈರ್ಯ ಬಂದು ಮೊದಲ ಸಲ ನಡುವಿನ ಲೇನಿಗೆ ಬಂದೆ.

ಎಡಗಡೆ ಕೆರೆ ಕಂಡಿತು. ಬಿಸಿಲು ಇನ್ನೂ ಎಳೆಯದಾಗಿತ್ತು. "ಖಾಲಿ ಐತೇನು?" ಎಂದು ಕೇಳಿ ಕಾದೆ. ಹೊಸ ಕನ್ನಡಿ ಇದೆ ಎಂಬುದೇ ಮರೆತುಹೋಗಿತ್ತು. ನೆನಪಾಗುವಷ್ಟರಲ್ಲಿ ಚಹಾದ ಅಂಗಡಿ ಹಿಂದೆ ಬಿದ್ದಿತ್ತು. ಪಕ್ಕದಲ್ಲಿ ಬೆಲ್ಟು ನೇತಾಡುತ್ತಿತ್ತು. ಅವಳು ಸತ್ತ ದಿನ ಮನೆ ತುಂಬ ಜನರಿದ್ದರು, ಅಂದು ಇಷ್ಟು ಒಂಟಿ ಅನಿಸಿರಲಿಲ್ಲ. ಈ ಕಾರು ನನ್ನ ಕೈಯಲ್ಲಿ ಆಗುವುದಿಲ್ಲ, ಮಾರಿಬಿಡುತ್ತೇನೆ ಎಂದುಕೊಂಡು ವಿಖ್ರೋಳಿ, ಸಾಯನ್ ದಾಟಿದೆ.

ವಡಾಲದಲ್ಲಿ ನಮ್ಮ ಕಾಲನಿಗೆ ಎಡಕ್ಕೆ ತಿರುಗಬೇಕು. ವೇಗ ಇಳಿಸಿ ಕನ್ನಡಿ ನೋಡಿದೆ. ಒಬ್ಬ ಸ್ಕೂಟರಿನವನು ಬರುತ್ತಿದ್ದ, ಹೋಗಲು ಬಿಟ್ಟೆ. ಕನ್ನಡಿಯಲ್ಲಿ ರಸ್ತೆ ಪೂರ್ತಿ ಖಾಲಿಯಾಯಿತು. ಆದರೂ ಕೈ ಸ್ಟೀರಿಂಗ್ ತಿರುಗಿಸಲಿಲ್ಲ. ಅಷ್ಟರಲ್ಲಿ ಹಿಂದೆ ಬಂದು ನಿಂತ ಒಂದು ಟ್ಯಾಕ್ಸಿ ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು.

"ಖಾಲಿ ಐತಿ, ತಗೋರಿ," ಎಂದು ಗಟ್ಟಿಯಾಗಿ ನಾನೇ ಹೇಳಿಕೊಂಡು ಮನೆಯ ಕಡೆ ತಿರುಗಿಸಿದೆ.