ನಾಲ್ಕುಪಾಲು
ಹೆಸರು ಏನಿದ್ದರೂ ನಮ್ಮ ಪ್ರಯೋಗಾಲಯದಲ್ಲಿ ಅವನು ನಾಲ್ಕುಪಾಲು. ಗಣಿಯಿಂದ ಬಂದ ಕಲ್ಲಿದ್ದಲನ್ನು ಪುಡಿ ಮಾಡಿ, ಕಲಸಿ, ಗುಡ್ಡೆ ಹಾಕಿ ನಾಲ್ಕು ಪಾಲು ಮಾಡುತ್ತಾನೆ; ಎದುರುಬದುರಿನ ಎರಡನ್ನು ಎಸೆದು ಉಳಿದದ್ದನ್ನು ಮತ್ತೆ ಕಲಸುತ್ತಾನೆ, ಪರೀಕ್ಷೆಗೆ ಬೇಕಾದ ಒಂದು ಹಿಡಿ ಉಳಿಯುವ ತನಕ. ಮನೆಯಲ್ಲಿ ಉಪ್ಪು ನೋಡಿ ಎಂದರೂ ಅನ್ನಕ್ಕೆ ಇದೇ ಗತಿ. "ಒಂದು ತುತ್ತಿಗೆ ಇಷ್ಟೊಂದು ಕಸರತ್ತಾ?" ಎಂದು ಹೆಂಡತಿ ಸಿಡುಕುತ್ತಾಳೆ. "ಎಸೆದದ್ದನ್ನ ತಿರುಗಿ ನೋಡಬಾರದು ಕಣಯ್ಯಾ, ಆಸೆ ಹುಟ್ಟುತ್ತೆ" ಎಂದು ಸಹಾಯಕನಾದ ನನಗೆ ಅವನಿಂದ ದಿನಾ ಪಾಠ. ಈ ಸಲದ ಹಿಡಿಯಲ್ಲಿ, ಕಲ್ಲಿದ್ದಲಿನಲ್ಲಿ ಬೆರೆತಿರಬಹುದಾದ, ಬ್ಯಾಟರಿಗೆ ಬೇಕಾದ ಅಪರೂಪದ ಲೋಹ ಸಾಕಷ್ಟು ಕಂಡರೆ ಗಣಿ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಗಣಿಯಲ್ಲೇ ದುಡಿಯುವ ಅವನ ಅಣ್ಣ ಇವತ್ತು ಲೋಹ ಹೆಚ್ಚಿರುವುದನ್ನೇ ಆರಿಸಿದ ಕಲ್ಲಿದ್ದಲಿನ ತುಂಡೊಂದನ್ನು ತಂದು, "ಇದನ್ನೂ ಸೇರಿಸಿಬಿಡೋ, ಯಾರಿಗೆ ಗೊತ್ತಾಗುತ್ತೆ?" ಎಂದು ಅಂಗಲಾಚಿದ. ನಾಲ್ಕುಪಾಲು ತಲೆ ಎತ್ತಲಿಲ್ಲ. "ಪಾಲು ಕೇಳೋಕೆ ಇದು ಅಪ್ಪನ ಆಸ್ತಿಯೇನಣ್ಣಾ?" ಎಂದು ಎರಡು ಪಾಲು ಬುಟ್ಟಿಗೆ ಎಸೆದ. ಅಣ್ಣ ತುಂಡನ್ನು ಜೇಬಿಗಿಳಿಸಿ ಹೊರಟುಹೋದ. ಬಾಗಿಲು ಮುಚ್ಚಿದ್ದೇ ತಡ, ನಾಲ್ಕುಪಾಲು ಆ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಸೆದ ಪುಡಿಯನ್ನು ಬೆರಳಿನಿಂದ ಕೆದಕತೊಡಗಿದ.